ಫ್ರೇಸಲ್ ವರ್ಬ್ ಕಲಿಯಬೇಕಾ? ಪಟ್ಟಿ ಬಿಡಿ, ವಾಕ್ಯ ಹಿಡಿಯಿರಿ

'ಪುಟ್' ಗೊತ್ತು, 'ಆಫ್' ಗೊತ್ತು. ಆದರೂ 'ಮೀಟಿಂಗ್ ಪುಟ್ ಆಫ್' ಅಂತ ಮೆಸೇಜ್ ಬಂದರೆ ರದ್ದಾಯಿತೋ ಮುಂದಕ್ಕೆ ಹೋಯಿತೋ ಅಂತ ಗೊಂದಲ. ಮುಂದಕ್ಕೆ ಹೋಗಿದೆ. ರದ್ದಾಗಿದ್ದರೆ 'ಕಾಲ್ಡ್ ಆಫ್' ಅನ್ನುತ್ತಿದ್ದರು. ಹೀಗೆ ಕ್ರಿಯಾಪದಕ್ಕೆ 'ಆಫ್', 'ಅಪ್' ತರಹದ ಪುಟ್ಟ ಪದ ಅಂಟಿಕೊಂಡು ಬೇರೆಯೇ ಅರ್ಥ ಕೊಡುವ ಜೋಡಿಯೇ ಫ್ರೇಸಲ್ ವರ್ಬ್. ಬಿಡಿ ಪದಗಳ ಅರ್ಥ ಕೂಡಿಸಿದರೆ ಇಲ್ಲಿ ಲೆಕ್ಕ ಸರಿಹೋಗುವುದಿಲ್ಲ. 'ಸಮಯಕ್ಕೆ ಕೈ ಕೊಟ್ಟ' ಅಂದಾಗ ನಾವೂ ಕೈ ಹುಡುಕುವುದಿಲ್ಲ, ಅಲ್ವಾ?

ಮೊದಲು 'ಗೆಟ್ ಅಪ್, ಗೆಟ್ ಓವರ್, ಗೆಟ್ ಬೈ' ಅಂತ ಸಾಗುವ ಪಟ್ಟಿಯನ್ನು ಪಕ್ಕಕ್ಕಿಡಿ. ಒಟ್ಟಿಗೆ ಓದಿದರೆ ಎಲ್ಲ ಕಲಸುಮೇಲೋಗರ. ಬದಲಿಗೆ ಒಂದು ಸಂದರ್ಭ ಆರಿಸಿಕೊಳ್ಳಿ. ಫೋನ್ ಕರೆಯನ್ನೇ ನೋಡಿ. ಎತ್ತಿದರೆ ಪಿಕ್ ಅಪ್, ಇಟ್ಟರೆ ಹ್ಯಾಂಗ್ ಅಪ್, 'ಸ್ವಲ್ಪ ತಾಳಿ' ಅನ್ನಲು ಹೋಲ್ಡ್ ಆನ್, ತಿರುಗಿ ಮಾಡುವುದಕ್ಕೆ ಕಾಲ್ ಬ್ಯಾಕ್.

ಆಮೇಲೆ ಪ್ರತಿಯೊಂದಕ್ಕೂ ನಿಮ್ಮದೇ ದಿನಚರಿಯ ಒಂದು ವಾಕ್ಯ ಬರೆಯಿರಿ. ಅದರಲ್ಲಿ 'ಇಟ್' ಎಲ್ಲಿ ಕೂರುತ್ತದೆ ನೋಡಿ. ನಾವು ಜಾಸ್ತಿ ಎಡವುವುದು ಇಲ್ಲೇ. 'ಟರ್ನ್ ಆಫ್ ದ ಲೈಟ್' ಸರಿ, 'ಟರ್ನ್ ದ ಲೈಟ್ ಆಫ್' ಕೂಡ ಸರಿ. 'ಇಟ್' ಬಂದರೆ ಮಾತ್ರ ನಡುವೆಯೇ ಇರಬೇಕು: 'ಟರ್ನ್ ಇಟ್ ಆಫ್'. 'ಲುಕ್ ಆಫ್ಟರ್' (ನೋಡಿಕೊಳ್ಳು) ಹಾಗಲ್ಲ, ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ: 'ಲುಕ್ ಆಫ್ಟರ್ ಹರ್'. ಇಂಗ್ಲಿಷ್ ಕಲಿಯುವವರಿಗೆಂದೇ ಇರುವ ಡಿಕ್ಷನರಿಗಳು 'ಟರ್ನ್ ಸಮ್‌ಥಿಂಗ್ ಆಫ್', 'ಲುಕ್ ಆಫ್ಟರ್ ಸಮ್‌ಬಡಿ' ಅಂತ ಜಾಗದ ಸಮೇತ ತೋರಿಸುತ್ತವೆ. ಅರ್ಥ ನೋಡಿ ಸುಮ್ನೆ ಮುಚ್ಚಿಡಬೇಡಿ.

'ಅಪ್', 'ಔಟ್' ತರಹದ ಬಾಲಗಳಿಗೂ ಒಂದಿಷ್ಟು ಸ್ವಭಾವ ಇದೆ. 'ಅಪ್' ಎಷ್ಟೋ ಸಲ ಕೆಲಸ ಪೂರ್ತಿಯಾಯಿತು ಅನ್ನುತ್ತದೆ. 'ಈಟ್ ಇಟ್ ಅಪ್' ಅಂದರೆ 'ತಿಂದುಬಿಡು', 'ಯೂಸ್ ಅಪ್' ಅಂದರೆ ಪೂರ್ತಿ ಖಾಲಿ ಮಾಡು. ಆದರೆ 'ಥ್ರೋ ಅಪ್' ಅಂದರೆ ವಾಂತಿ ಮಾಡು! ಹಾಗಾಗಿ ಇದನ್ನು ಸುಳಿವು ಅಂದುಕೊಳ್ಳಿ, ನಿಯಮ ಅಲ್ಲ.

ನಮ್ಮ ದೇಶದ ರೂಢಿಗಳ ಬಗ್ಗೆಯೂ ಎಚ್ಚರ ಇರಲಿ. 'ಐ ಪಾಸ್ಡ್ ಔಟ್ ಇನ್ 2018' ಅಂದರೆ ಇಲ್ಲಿ ಡಿಗ್ರಿ ಮುಗಿಸಿದ ಲೆಕ್ಕ. ಅಮೆರಿಕದವರಿಗೆ ನೀವು ಪ್ರಜ್ಞೆ ತಪ್ಪಿ ಬಿದ್ದಂತೆ ಕೇಳಿಸುತ್ತದೆ. ಅಲ್ಲಿ 'ಗ್ರಾಜುಯೇಟೆಡ್' ಅನ್ನಿ. 'ಕೋಪ್ ಅಪ್ ವಿತ್' ಕೂಡ ನಮ್ಮದೇ ಸೇರ್ಪಡೆ, 'ಕೋಪ್ ವಿತ್' ಸಾಕು.

ಮಾತಿಗೆ, ಚಾಟ್‌ಗೆ ಫ್ರೇಸಲ್ ವರ್ಬ್‌ಗಳು ಚೆನ್ನ. ಕಚೇರಿಗೆ ಬರೆಯುವ ಅರ್ಜಿಯಲ್ಲಿ ಮಾತ್ರ 'ಪುಟ್ ಆಫ್' ಬದಲು 'ಪೋಸ್ಟ್‌ಪೋನ್', 'ಪುಟ್ ಅಪ್ ವಿತ್' (ಸಹಿಸಿಕೊಳ್ಳು) ಬದಲು 'ಟಾಲರೇಟ್' ಹಾಕಿ.