ಹೊರಗೆ ಸೋತರೂ ಮನೆಯಲ್ಲಿ ಗೆದ್ದ ಹಾಡುಗಳು: ಸ್ವೀಡನ್ನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಪರ್ಸೂನ್‌ನಮ್ಮರ್ ಎಂಬ ಗುರುತಿನ ಸಂಖ್ಯೆ, ಬ್ಯಾಂಕ್‌ಐಡಿ ಎಂಬ ಡಿಜಿಟಲ್ ಗುರುತು, ಬಾಡಿಗೆ ಮನೆಯ ಸರತಿ, ಇವೆಲ್ಲ ಬಂದ ಮೇಲೆ ಹೇಗೋ ಆಗುತ್ತವೆ. ಅದಕ್ಕೆ ನನ್ನ ಸಲಹೆ ಬೇಕಾಗಿಲ್ಲ. ಯಾರೂ ಹೇಳಿಕೊಡದ ಸಂಗತಿಯೆಂದರೆ ಫೆಬ್ರವರಿ, ಮಾರ್ಚ್ ತಿಂಗಳ ಶನಿವಾರಗಳದ್ದು. ಯೂರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ಗೆ ಸ್ವೀಡನ್ನಿನ ಹಾಡನ್ನು ಆರಿಸುವ ಮೆಲೊಡಿಫೆಸ್ಟಿವಾಲೆನ್, ಜನರ ಬಾಯಲ್ಲಿ ಬರೀ ‘ಮೆಲ್ಲೊ’, ಆ ದಿನಗಳಲ್ಲಿ ರಾತ್ರಿ ಎಂಟಕ್ಕೆ ಎಸ್‌ವಿಟಿ ವಾಹಿನಿಯಲ್ಲಿ ಬರುತ್ತದೆ. ನಮ್ಮವರು ಶಿವರಾತ್ರಿಯ ಭಜನೆ, ಊಟಗಳನ್ನು ಸರಿಯಾಗಿ ಅದೇ ಶನಿವಾರ ಸಂಜೆಗೆ ಇಟ್ಟುಕೊಂಡು, ಕರೆದರೂ ಬಾರದ ನೆರೆಹೊರೆಯವರನ್ನು ‘ಬೆರೆಯುವ ಜನವೇ ಅಲ್ಲ’ ಎಂದು ವರ್ಷಗಟ್ಟಲೆ ದೂರಿದ್ದುಂಟು.

ಮೇ ತಿಂಗಳಲ್ಲಿ ನಡೆಯುವ ಯೂರೋವಿಷನ್‌ನಲ್ಲಿ ಎಷ್ಟನೆಯ ಸ್ಥಾನ ಬಂತೆಂಬುದನ್ನು ನೋಡಿ ಇಲ್ಲಿನ ಹಾಡೊಂದರ ಯೋಗ್ಯತೆಯನ್ನು ಅಳೆಯಲು ಹೋಗಬೇಡಿ. 2007ರಲ್ಲಿ ಹೆಲ್ಸಿಂಕಿಗೆ ಹೋದ ‘ದಿ ಆರ್ಕ್’ ತಂಡ 18ನೆಯ ಸ್ಥಾನಕ್ಕೆ ಇಳಿಯಿತು. 2010ರಲ್ಲಿ ಓಸ್ಲೊಗೆ ಹೋದ ಅನ್ನಾ ಬೆರ್ಯೆಂಡಾಲ್ ಅವರ ‘ದಿಸ್ ಈಸ್ ಮೈ ಲೈಫ್’ ಸೆಮಿಫೈನಲ್ಲನ್ನೇ ದಾಟಲಿಲ್ಲ. ಆದರೂ ಎರಡೂ ಹಾಡುಗಳು ಸ್ವೀಡನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದವು. ಗಾಯಕಿ ಲೊರೀನ್ 2012ರಲ್ಲಿ ಬಾಕುವಿನಲ್ಲಿಯೂ 2023ರಲ್ಲಿ ಲಿವರ್‌ಪೂಲ್‌ನಲ್ಲಿಯೂ ಗೆದ್ದ ಹಾಡುಗಳು ಇಲ್ಲಿ ಅಗ್ರಸ್ಥಾನಕ್ಕೇರಿದ್ದು ಯಾರಿಗೂ ಆಶ್ಚರ್ಯ ತರಲಿಕ್ಕಿಲ್ಲ. ಸೋತವುಗಳೂ ಏರಿದ್ದೇ ವಿಶೇಷ. ಕಾರಣ ಸರಳವಾಗಿದೆ. ಊರಿಂದೂರಿಗೆ ಸಾಗುವ ಸುತ್ತುಗಳಲ್ಲಿ ಹಾಡುಗಳು ವಾರವಾರವೂ ಮನೆಮನೆಗೆ ತಲುಪಿ, ಸೋಮವಾರದ ಕಚೇರಿಯ ಫೀಕಾದಲ್ಲಿ, ಅಂದರೆ ಕಾಫಿ ವಿರಾಮದಲ್ಲಿ, ಚರ್ಚೆಗೊಳಗಾಗಿ, ಬಸ್ಸಿನಲ್ಲಿ ಕುಳಿತವರ ಕಿವಿಯಲ್ಲಿ ಮತ್ತೆ ಮತ್ತೆ ನುಡಿದು, ಮಾರ್ಚ್ ಮುಗಿಯುವ ಮೊದಲೇ ಹಳೆಯ ಪರಿಚಯಗಳಾಗಿಬಿಟ್ಟಿರುತ್ತವೆ. ಮೆಲ್ಲೊ ಫೈನಲ್‌ನಲ್ಲಿ ಸೋತ ಹಾಡುಗಳೂ ಸ್ವೆರ್ಯೆಟೊಪ್‌ಲಿಸ್ಟಾನ್ ಎಂಬ ಅಧಿಕೃತ ಪಟ್ಟಿಯ ಮೇಲ್ತುದಿಯಲ್ಲಿ ಸಾಲಾಗಿ ಕುಳಿತಿರುತ್ತವೆ. ಯೂರೋಪಿನ ತೀರ್ಪು ಬರುವುದು ಅದಾದ ಎರಡು ತಿಂಗಳ ಮೇಲೆ.

ಮತದಾನದ ಕ್ರಮವನ್ನೂ ಒಮ್ಮೆ ಗಮನಿಸಿ. ಮೊಬೈಲ್ ಆಪ್ ಮೊದಲು ವಯಸ್ಸನ್ನು ಕೇಳುತ್ತದೆ. ಬಳಿಕ ಹಾಡು ನಡೆಯುತ್ತಿರುವಾಗಲೇ ಪರದೆಯ ಮೇಲೊಂದು ಹೃದಯ ಬಡಿಯತೊಡಗುತ್ತದೆ, ಒಂದು ಹಾಡಿಗೆ ಐದು ಸಲದವರೆಗೆ ಅದನ್ನು ಒತ್ತಬಹುದು. 2019ರಿಂದ ಈ ಮತಗಳನ್ನು ಏಳು ವಯೋಗುಂಪುಗಳಾಗಿ ವಿಂಗಡಿಸುತ್ತಾರೆ. ಮೂರರಿಂದ ಒಂಬತ್ತು ವರ್ಷದ ಮಕ್ಕಳದ್ದು ಒಂದು ಗುಂಪಾದರೆ, ಎಪ್ಪತ್ತೈದು ದಾಟಿದವರದ್ದು ಮತ್ತೊಂದು, ಮತ್ತು ಪ್ರತಿ ಗುಂಪಿನ ಕೈಯಲ್ಲಿಯೂ ಸಮಾನ ಅಂಕಗಳು. ಹಾಸನದಿಂದ ಬಂದಿದ್ದ ನಮ್ಮತ್ತೆ, ಭಾಷೆ ಒಂದಕ್ಷರ ತಿಳಿಯದಿದ್ದರೂ, ‘ಈ ಹುಡುಗನ ಕಂಠ ಚೆನ್ನಾಗಿದೆ’ ಎಂದು ಮೊಮ್ಮಗಳ ಪಕ್ಕದಲ್ಲಿ ಕೂತು ಹೃದಯ ಒತ್ತಿದ್ದರು. ಭಾಷಾ ತರಗತಿಗೆ ಸೇರಿ ಆರು ತಿಂಗಳಾದರೂ ಬಾಯಿ ಬಿಡಲು ಹಿಂಜರಿಯುವ ನಮ್ಮವರಿಗೆ ಇದಕ್ಕಿಂತ ಸುಲಭದ ಪ್ರವೇಶ ಈ ದೇಶದಲ್ಲಿಲ್ಲ.

2025ರಲ್ಲಿ ಮೆಲ್ಲೊ ಗೆದ್ದವರಂತೂ ಸ್ವೀಡನ್ನಿನವರೇ ಅಲ್ಲ. ಫಿನ್ಲೆಂಡಿನ ವೋರೊ ಎಂಬ ಸಣ್ಣ ಊರಿನ, ಸ್ವೀಡಿಷ್ ಮಾತನಾಡುವ ‘ಕಾಯ್’ ಎಂಬ ಮೂವರ ತಂಡ, ಎಲ್ಲರೂ ಗೆಲ್ಲುತ್ತಾನೆಂದುಕೊಂಡಿದ್ದ ಗಾಯಕ ಮೊನ್ಸ್ ಸೆಲ್ಮರ್ಲೋವ್‌ನನ್ನು ಹಿಂದಿಕ್ಕಿ, ಸಾನಾ ಎಂಬ ಬಿಸಿ ಹಬೆಯ ಸ್ನಾನದ ಕುರಿತ ‘ಬಾರಾ ಬಾದಾ ಬಸ್ತು’ ಹಾಡಿನಿಂದ ಇಡೀ ದೇಶವನ್ನು ಕುಣಿಸಿತು. 1998ರ ನಂತರ ಸ್ವೀಡಿಷ್ ಭಾಷೆಯಲ್ಲಿ ಯೂರೋವಿಷನ್‌ಗೆ ಹೋದ ಮೊದಲ ಹಾಡು ಅದು. ಬಾಸೆಲ್‌ನಲ್ಲಿ ನಡೆದ ಯೂರೋವಿಷನ್‌ನಲ್ಲಿ ಸಿಕ್ಕಿದ್ದು ನಾಲ್ಕನೆಯ ಸ್ಥಾನ. ಸ್ವೀಡನ್ ಮತ್ತು ಫಿನ್ಲೆಂಡ್ ಎರಡರ ಪಟ್ಟಿಗಳಲ್ಲಿಯೂ ಸಿಕ್ಕಿದ್ದು ಮೊದಲನೆಯದು. ತಮ್ಮ ಭಾಷೆಯಲ್ಲಿ ಹಾಡಿದರೆ ಹೊರಗಿನವರು ಏನೆಂದುಕೊಂಡಾರೋ ಎಂಬ ಅಳುಕು ಕನ್ನಡಿಗರಿಗೆ ಮಾತ್ರ ಇರುವುದೆಂದು ನಾನು ತಿಳಿದಿದ್ದೆ.

ಆ ಹಾಡನ್ನು ನಮ್ಮ ಮಕ್ಕಳೆಲ್ಲ ಒಂದೇ ವಾರದಲ್ಲಿ ಕಲಿತರು. ರಾಜ್ಯೋತ್ಸವದ ಭಾವಗೀತೆಯನ್ನು ಮಾತ್ರ ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಚೀಟಿ ಹಿಡಿದು, ಪ್ರತಿ ಸಾಲಿನ ಕೊನೆಯಲ್ಲಿ ತಾಯಿಯ ಮುಖ ನೋಡುತ್ತ ಹಾಡುತ್ತಾರೆ. ಇದಕ್ಕೆ ಮಕ್ಕಳನ್ನು ಗದರಿಸಿ ಪ್ರಯೋಜನವಿಲ್ಲ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದಲ್ಲಿ ಹೊಸ ಚಿತ್ರಗೀತೆ ಬಂದರೆ ಮರುದಿನ ಶಾಲೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅದೇ ಗುನುಗು ಕೇಳಿಸುತ್ತಿದ್ದುದರಿಂದ ನಮಗೆ ಹಾಡುಗಳು ಬಾಯಿಪಾಠವಾದವು; ಯಾರೂ ಕೂರಿಸಿ ಕಲಿಸಲಿಲ್ಲ. ವರ್ಷಕ್ಕೊಂದು ಸಲ ವೇದಿಕೆ ಹತ್ತುವ ಗೀತೆಗೆ ಅಂಥ ಬೀದಿಯಾದರೂ ಎಲ್ಲಿದೆ? ಊರಿನಲ್ಲಿಯೂ ಈಗ ಮನೆಯೊಳಗೆ ನಾಲ್ಕು ಜನ ನಾಲ್ಕು ಇಯರ್‌ಫೋನ್ ಹಾಕಿಕೊಂಡಿರುವುದನ್ನು ಕಂಡಾಗ, ನಾನು ಕಳೆದುಕೊಂಡೆನೆಂದು ಕೊರಗಿದ್ದು ಅಲ್ಲಿಯೂ ಉಳಿದಿಲ್ಲವೆನಿಸಿ ಕಸಿವಿಸಿಯಾಯಿತು.

ಆದ್ದರಿಂದ ಕಾರ್ಯಕ್ರಮಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಶನಿವಾರ ನೆರೆಮನೆಯವರನ್ನು ಟಿವಿ ನೋಡಲು ಕರೆಯಿರಿ, ಚಿಪ್ಸ್ ಬದಲು ಚಕ್ಕುಲಿ ಇಡಿ. ಎದುರಿಗೇ ನೋಡುವ ಆಸೆಯಿದ್ದರೆ ಫೈನಲ್ ನಡೆಯುವುದು ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿ. ಅಂದಿನ ನೇರಪ್ರಸಾರ ಮುಗಿಯುವ ಹೊತ್ತಿಗೆ ಚಿಕ್ಕ ಮಕ್ಕಳು ತೂಕಡಿಸುತ್ತಿರುತ್ತಾರಾದ್ದರಿಂದ, ಅದಕ್ಕೆ ಮೊದಲು ನಡೆಯುವ ತಾಲೀಮು ಪ್ರದರ್ಶನಕ್ಕೂ ಟಿಕೆಟ್ ಮಾರುತ್ತಾರೆಂಬುದು ನೆನಪಿರಲಿ.