ಕೇರ್ನ್ಸ್‌ನ ಲಗೂನ್‌ನಲ್ಲಿ ಮನೆಮಂದಿಯೆಲ್ಲಾ ನೀರಿಗಿಳಿದೆವು

ಆಸ್ಟ್ರೇಲಿಯಾದ ಕೇರ್ನ್ಸ್‌ಗೆ ಹೋಗುವವರೆಲ್ಲಾ ಗ್ರೇಟ್ ಬ್ಯಾರಿಯರ್ ರೀಫ್ ಎನ್ನುವ ಹವಳದ ದಿಬ್ಬಗಳ ಸಾಲು ನೋಡಲು ಹೋಗುತ್ತಾರೆ. ಬ್ರಿಸ್ಬೇನ್‌ನಿಂದ ನಾವು ಹೊರಟಿದ್ದೂ ಅದಕ್ಕೇ. ಆದರೆ ಆರು ವರ್ಷದ ಮಗ, ಮೂರು ತುಂಬದ ಮಗಳು, ಹಾಸನದಿಂದ ಬಂದಿದ್ದ ಅತ್ತೆ ಮಾವ, ಇಷ್ಟೂ ಜನ ಒಟ್ಟಿಗೆ ಖುಷಿಪಟ್ಟ ಜಾಗ ಬೇರೆಯೇ. ಅದು ಊರಿನ ಮಧ್ಯೆ, ಸಮುದ್ರದ ಅಂಚಿನಲ್ಲಿ ಕಟ್ಟಿರುವ ಎಸ್ಪ್ಲನೇಡ್ ಲಗೂನ್ ಎನ್ನುವ ದೊಡ್ಡ ಈಜುಕೊಳ. ಟಿಕೆಟ್ ಇಲ್ಲ, ಗೇಟಿನಲ್ಲಿ ಕೇಳುವವರಿಲ್ಲ. ಊರಿನವರು, ಬೆನ್ನಿಗೆ ಚೀಲ ಹಾಕಿಕೊಂಡು ಬಂದ ಪ್ರವಾಸಿಗರು, ಅಜ್ಜಿ ತಾತಂದಿರು, ಎಲ್ಲರೂ ಒಂದೇ ನೀರಿನಲ್ಲಿ. ವಯಸ್ಸಾದವರನ್ನೂ ಪುಟ್ಟ ಮಕ್ಕಳನ್ನೂ ಕರೆದುಕೊಂಡು ಹೋಗುವ ನಮ್ಮಂಥವರಿಗೆ ಉಪಯೋಗವಾಗಲಿ ಎಂದು, ನಾವು ಹೇಗೆ ಮಾಡಿದೆವು ಎನ್ನುವುದನ್ನು ಬರೆಯುತ್ತಿದ್ದೇನೆ.

ಸಮುದ್ರ ಎದುರಿಗೇ ಇರುವಾಗ ಈ ಲಗೂನ್ ಯಾಕೆ ಅಂತ ಮಾವ ಮೊದಲ ದಿನವೇ ಕೇಳಿದರು. ಕೇರ್ನ್ಸ್ ಊರಿನ ಮುಂದೆ ಮರಳಿನ ಬೀಚ್ ಇಲ್ಲ. ನೀರು ಇಳಿದಾಗ ದೂರದವರೆಗೆ ಬರೀ ಕೆಸರು. ನೀರು ಏರಿದಾಗಲೂ ಇಳಿಯುವ ಹಾಗಿಲ್ಲ, ಮೊಸಳೆಗಳಿವೆ. ಸಿಹಿನೀರಿನವಲ್ಲ, ಸಮುದ್ರದಲ್ಲೂ ಈಜುವ ದೊಡ್ಡ ಉಪ್ಪುನೀರಿನ ಮೊಸಳೆಗಳು. ದಡದ ಎಚ್ಚರಿಕೆ ಫಲಕಗಳಲ್ಲಿ ಇಂಗ್ಲಿಷ್ ಜೊತೆಗೆ ಜರ್ಮನ್, ಚೀನೀ ಭಾಷೆಗಳಲ್ಲೂ ಬರೆದಿರುತ್ತಾರೆ. ಇದರ ಮೇಲೆ ನವೆಂಬರ್‌ನಿಂದ ಮೇ ತನಕ ವಿಷದ ಅಂಬಲಿ ಮೀನುಗಳ ಕಾಟ. ಬಾಕ್ಸ್ ಜೆಲ್ಲಿಫಿಶ್ ಒಂದು, ಉಗುರಿನಷ್ಟೇ ಇರುವ ಇರುಕಂಜಿ ಇನ್ನೊಂದು. ಎರಡೂ ಜೀವಕ್ಕೆ ಅಪಾಯ. ಆ ಭಾಗದ ಬೀಚ್‌ಗಳಲ್ಲಿ ವಿನೆಗರ್ ಬಾಟಲಿ ಇಟ್ಟ ಕಂಬಗಳು ಕಾಣುತ್ತವೆ, ಕುಟುಕಿದ ಜಾಗಕ್ಕೆ ಸುರಿಯಲು. ಇಷ್ಟು ಸೆಕೆಯ ಊರಿನಲ್ಲಿ ಜನ ಎಲ್ಲಿ ನೀರಾಡಬೇಕು? ಅದಕ್ಕೆ ಉತ್ತರವಾಗಿ 2003ರಲ್ಲಿ ಈ ಲಗೂನ್ ತೆರೆಯಿತು. ಸುಮಾರು 4,800 ಚದರ ಮೀಟರ್ ವಿಸ್ತೀರ್ಣದ ಕೊಳ. ನೀರು ಉಪ್ಪುನೀರೇ, ಆದರೆ ಸೋಸಿ ಶುದ್ಧ ಮಾಡಿದ್ದು. ಅತಿ ಆಳದ ಜಾಗ 1.6 ಮೀಟರ್.

ನಾವು ಹೋಗಿದ್ದು ಜುಲೈನಲ್ಲಿ, ಶಾಲೆಯ ಚಳಿಗಾಲದ ರಜೆಯಲ್ಲಿ. ಹಗಲು 25, 26 ಡಿಗ್ರಿ ಇರುತ್ತದೆ, ಮಳೆ ಕಡಿಮೆ. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ನೀರು ಮಾತ್ರ ಬೆಳಗಿನ ಹೊತ್ತು ತಣ್ಣಗಿರುತ್ತದೆ. ಮಕ್ಕಳಿಗೆ ಅದು ಲೆಕ್ಕಕ್ಕಿಲ್ಲ, ಅತ್ತೆಗೆ ಲೆಕ್ಕಕ್ಕಿದೆ! ಹಾಗಾಗಿ ಬೆಳಗ್ಗೆ ಒಂಬತ್ತಕ್ಕೆ ಹೋಗಿ ನೆರಳಿನ ಜಾಗ ಹಿಡಿಯುತ್ತಿದ್ದೆವು. ಬಿಸಿಲು ಬಲಿತ ಮೇಲೆ, ಹತ್ತೂವರೆ ಹೊತ್ತಿಗೆ, ದೊಡ್ಡವರು ನೀರಿಗೆ. ಹನ್ನೆರಡಕ್ಕೆ ಎಲ್ಲರೂ ಮೇಲೆ. ಮಧ್ಯಾಹ್ನ ರೂಮಿಗೆ ಹೋಗಿ ನಿದ್ದೆ. ಮತ್ತೆ ನಾಲ್ಕಕ್ಕೆ ಬಂದರೆ ಕತ್ತಲಾಗುವವರೆಗೆ. ಬುಧವಾರ ಬೆಳಗ್ಗೆ ಸ್ವಚ್ಛತೆಗಾಗಿ ಮುಚ್ಚಿರುತ್ತಾರೆ, ಅದನ್ನು ನೆನಪಿಟ್ಟುಕೊಂಡು ರೀಫ್‌ನ ದೋಣಿ ಪ್ರಯಾಣವನ್ನು ಆ ದಿನಕ್ಕೇ ಹಾಕಿಕೊಂಡೆವು. ದುರಸ್ತಿಗೆ ಅಂತಲೂ ಆಗಾಗ ಮುಚ್ಚುತ್ತಾರೆ. ಹೋಗುವ ಮುಂಚೆ ಊರಿನ ಕೌನ್ಸಿಲ್‌ನ ಪುಟ ಒಂದು ಸಲ ನೋಡಿಕೊಳ್ಳಿ.

ಬಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಹೆಂಗಸರು ದಡದಲ್ಲೇ ಉಳಿಯುವುದು ಎಷ್ಟೋ ಸಲ ಇದೇ ಕಾರಣಕ್ಕೆ. "ನಾನು ಇಲ್ಲೇ ಕೂತಿರ್ತೀನಿ ಕಣಮ್ಮ, ಚೀಲ ನೋಡ್ಕೋತೀನಿ, ನೀವು ಹೋಗಿ" ಅಂತ ಅತ್ತೆ ಶುರುವಿನಲ್ಲೇ ಹೇಳಿಬಿಟ್ಟಿದ್ದರು. ಅವರಿಗೆ ನೀರಿನ ಭಯಕ್ಕಿಂತ ಮುಜುಗರ ಜಾಸ್ತಿ. ಬ್ರಿಸ್ಬೇನ್‌ನಲ್ಲೇ ಅವರ ಅಳತೆಗೆ ಪೂರ್ತಿ ತೋಳಿನ ರ್‍ಯಾಷಿ (ಈಜುವಾಗ ಹಾಕುವ ಅಂಗಿ), ಕಣಕಾಲಿನವರೆಗೆ ಬರುವ ಈಜಿನ ಲೆಗ್ಗಿಂಗ್ಸ್, ಮೇಲೆ ಹಾಕಿಕೊಳ್ಳಲು ಗಾಢ ಬಣ್ಣದ ಸಡಿಲ ಈಜುಡುಗೆ ಟಾಪ್ ತಂದಿಟ್ಟಿದ್ದೆ. ಕಾಟನ್ ಚೂಡಿದಾರ್‌ನಲ್ಲಿ ನೀರಿಗಿಳಿಯಬೇಡಿ. ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ವಯಸ್ಸಾದವರು ಮುಗ್ಗರಿಸುತ್ತಾರೆ. ಸಾರ್ವಜನಿಕ ಕೊಳಗಳಲ್ಲಿ ಈಜುವ ಬಟ್ಟೆಯನ್ನೇ ಹಾಕಿಕೊಳ್ಳಿ ಅನ್ನುವುದೂ ಇದೆ. ಲೈಕ್ರಾ ಬಟ್ಟೆ ಮೈಗೆ ಅಂಟಿಕೊಳ್ಳುತ್ತದೆ ನಿಜ, ಆದರೆ ಮೇಲಿನ ಸಡಿಲ ಟಾಪ್ ಅತ್ತೆಗೆ ಧೈರ್ಯ ಕೊಟ್ಟಿತು. ಸುತ್ತಮುತ್ತ ಬಿಸಿಲಿಗೆಂದೇ ಹೀಗೆ ಮೈತುಂಬಾ ಹಾಕಿಕೊಂಡವರು ಬೇಕಾದಷ್ಟು ಜನ ಇದ್ದರು. ಅದನ್ನು ನೋಡಿದ ಮೇಲಂತೂ ಅವರು ಆ ಮಾತೇ ಎತ್ತಲಿಲ್ಲ.

ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೇರ್ನ್ಸ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯ, ಚರ್ಮದ ಕ್ಯಾನ್ಸರ್ ಪ್ರಪಂಚದಲ್ಲೇ ಅತಿ ಹೆಚ್ಚು ಕಾಣುವ ಕಡೆಗಳ ಸಾಲಿನಲ್ಲಿದೆ. ನಮ್ಮ ಕಂದು ಚರ್ಮಕ್ಕೆ ಏನಾಗುತ್ತೆ ಅಂತ ಸುಮ್ನೆ ಇರುವವರನ್ನು ನೋಡಿದ್ದೇನೆ. ನಮ್ಮ ಚರ್ಮವೂ ಸುಡುತ್ತದೆ. ನೀರಿಗಿಳಿಯುವ ಇಪ್ಪತ್ತು ನಿಮಿಷ ಮುಂಚೆ ಎಲ್ಲರಿಗೂ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ ಮತ್ತೆ. ಮಾವನ ತಲೆಗೆ ಅಗಲ ಅಂಚಿನ ಟೋಪಿ.

ಲಗೂನ್‌ನ ಒಂದು ಬದಿ ಮರಳಿನ ದಡ. ಅಲ್ಲಿಂದ ನೀರು ನಿಧಾನವಾಗಿ ಆಳವಾಗುತ್ತಾ ಹೋಗುತ್ತದೆ. ಈಜು ಬಾರದವರು ಅಲ್ಲಿಂದಲೇ ಶುರುಮಾಡಬೇಕು. ಅತ್ತೆಯನ್ನು ಮೊದಲು ಅಂಚಿನಲ್ಲಿ ಕಾಲು ಚಾಚಿ ಕೂರಿಸಿದೆ. ಮಗಳು ಅಜ್ಜಿಯ ಮಡಿಲಲ್ಲಿ ನೀರು ಬಡಿಯುತ್ತಾ ಕೂತಳು. ಆಮೇಲೆ ಮೊಣಕಾಲಷ್ಟು, ಆಮೇಲೆ ಸೊಂಟದಷ್ಟು. ನಮ್ಮನೆಯವರು ಒಂದು ಕೈ, ನಾನು ಒಂದು ಕೈ ಹಿಡಿದಿದ್ದೆವು. ಎದೆಮಟ್ಟದ ನೀರಿನಲ್ಲಿ ನಿಂತಾಗ ಅತ್ತೆ, "ಮಂಡಿ ನೋವೇ ಗೊತ್ತಾಗ್ತಿಲ್ಲ ನೋಡು" ಅಂದರು. ನೀರು ಮೈಭಾರ ಹೊರುತ್ತದೆ, ಮಂಡಿಗೆ ಕೆಲಸ ಕಡಿಮೆಯಾಗುತ್ತದೆ. ಆಮೇಲಿನ ದಿನಗಳಲ್ಲಿ ಅವರೇ ಎಲ್ಲರಿಗಿಂತ ಮುಂಚೆ ತಯಾರಾಗಿ ನಿಲ್ಲುತ್ತಿದ್ದರು. ನೀರಿನಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುವುದೇ ಅವರ ವಾಕಿಂಗ್ ಆಯಿತು.

ಮಾವನಿಗೆ ಹಿಡಿಸಿದ್ದು ನೀರಿನ ಮೇಲೆ ಕಂಬಗಳಲ್ಲಿ ನಿಂತಿರುವ ದೊಡ್ಡ ಉಕ್ಕಿನ ಮೀನುಗಳು. ಆಸ್ಟ್ರೇಲಿಯಾದ ಉತ್ತರ ತುದಿಯಾಚೆಗಿನ ಟಾರೆಸ್ ಜಲಸಂಧಿಯ ದ್ವೀಪಗಳ ಕಲಾವಿದ ಬ್ರಯನ್ ರಾಬಿನ್ಸನ್ ಮಾಡಿದ್ದು. ಆ ದ್ವೀಪಗಳಲ್ಲಿ ತೆಂಗಿನ ಗರಿಯಲ್ಲಿ ಮೀನು ಹೆಣೆಯುವ ಪದ್ಧತಿ ಇದೆ, ಅದೇ ಹೆಣಿಗೆಯನ್ನು ಉಕ್ಕಿನಲ್ಲಿ ತಂದಿದ್ದಾರೆ. ತೆಂಗಿನ ಗರಿ ಅಂದಮೇಲೆ ಕೇಳಬೇಕೆ? ಮಾವ ಮೊಮ್ಮಗನಿಗೆ ಗರಿಯ ಪೀಪಿ, ಗಿರಗಿಟ್ಲೆ, ವಾಚು ಎಲ್ಲದರ ಕಥೆ ಹೇಳಿದರು.

ಕಾವಲಿಗೆ ಲೈಫ್‌ಗಾರ್ಡ್‌ಗಳಿದ್ದಾರೆ, ಬಹಳ ಚುರುಕಾಗಿಯೂ ಇದ್ದಾರೆ. ಆದರೂ ಮಕ್ಕಳ ಹೊಣೆ ನಮ್ಮದೇ. ಐದು ವರ್ಷದೊಳಗಿನ ಮಗು ಯಾವಾಗಲೂ ಕೈಗೆಟುಕುವ ದೂರದಲ್ಲಿರಬೇಕು ಅನ್ನುವುದು ಆಸ್ಟ್ರೇಲಿಯಾದಲ್ಲಿ ಎಲ್ಲರಿಗೂ ಹೇಳಿಕೊಡುವ ನಿಯಮ. ಮನೆಯವರೆಲ್ಲಾ ಸುತ್ತ ಇದ್ದಾಗಲೇ 'ಯಾರೋ ನೋಡ್ತಿದ್ದಾರೆ' ಅಂತ ಎಲ್ಲರೂ ಅಂದುಕೊಳ್ಳುವ ಅಪಾಯ ಜಾಸ್ತಿ, ಅಲ್ವಾ? ನಾವು ಬಾಯಿಬಿಟ್ಟು ಹೇಳಿ ಹಂಚಿಕೊಳ್ಳುತ್ತಿದ್ದೆವು: "ಈಗ ಪುಟ್ಟಿ ನನ್ನ ಜೊತೆ, ಅಣ್ಣ ಅಪ್ಪನ ಜೊತೆ." ಬದಲಾಯಿಸುವಾಗಲೂ ಹೇಳಿಯೇ ಬದಲಾಯಿಸುವುದು. ಮಗಳ ಮೇಲೆ ಕಣ್ಣಿಟ್ಟಷ್ಟು ಹೊತ್ತು ಫೋನ್ ಚೀಲದೊಳಗೆ.

ಸಂಜೆ ಹುಲ್ಲಿನ ಮೇಲೆ ಕೂತು ಆ ನೀರು ನೋಡುವಾಗ ನಮ್ಮ ಕರಾವಳಿಯೇ ಕಣ್ಣಮುಂದೆ ಬರುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಮುರುಡೇಶ್ವರಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಸಮುದ್ರಪಾಲಾದರು. ಒಳನಾಡಿನ ನಮ್ಮಂಥವರು ಸಮುದ್ರ ನೋಡುವುದೇ ಪ್ರವಾಸ ಹೋದಾಗ. ಈಜು ಬರುವುದಿಲ್ಲ, ಅಲೆ ಹಿಂದೆ ಸರಿಯುವಾಗ ಎಳೆಯುವ ಸೆಳೆತ ಗೊತ್ತಿರುವುದಿಲ್ಲ, ನೀರಾಡುವ ಆಸೆ ಮಾತ್ರ ಬೆಟ್ಟದಷ್ಟು. ಆ ಆಸೆ ತಪ್ಪಲ್ಲ. ಹಗ್ಗ ಕಟ್ಟಿ, ಸೀಟಿ ಊದಿ ತಡೆಯುವುದು ಬೇಕೇ ಬೇಕು. ಅದರ ಜೊತೆಗೆ ದೊಡ್ಡ ಬೀಚ್‌ಗಳ ಪಕ್ಕದಲ್ಲಿ ಹೀಗೊಂದು ಆಳವಿಲ್ಲದ, ಕಾವಲಿರುವ, ಕಾಸು ಕೇಳದ ಕೊಳ ಇದ್ದರೆ ಎಷ್ಟು ಮಕ್ಕಳು ಧೈರ್ಯವಾಗಿ ನೀರಾಡಬಹುದು! ಕಟ್ಟುವುದೂ ದಿನಾ ನಡೆಸುವುದೂ ಖರ್ಚಿನ ಕೆಲಸ, ಗೊತ್ತು. ಆದರೂ ಖರ್ಚು ಮಾಡಬೇಕಾದ ಕೆಲಸ ಅಂತ ನನಗೆ ಅನಿಸುತ್ತದೆ.

ಊಟದ ವ್ಯವಸ್ಥೆ ಸುಲಭ. ನೀರಾಡಿ ಬಂದ ಮಕ್ಕಳ ಹಸಿವು ಗೊತ್ತಲ್ಲ. ಬೆಳಗ್ಗೆ ರೂಮಿನಲ್ಲೇ ಚಿತ್ರಾನ್ನ, ಮೊಸರನ್ನ ಕಲಸಿ ಡಬ್ಬಿಗೆ ಹಾಕುತ್ತಿದ್ದೆವು. ಲಗೂನ್ ಪಕ್ಕದ ಹುಲ್ಲಿನ ಹತ್ತಿರ ಸಾರ್ವಜನಿಕರಿಗೆ ಬಾರ್ಬೆಕ್ಯೂ ಒಲೆಗಳಿವೆ, ಅದಕ್ಕೂ ದುಡ್ಡಿಲ್ಲ. ಗುಂಡಿ ಒತ್ತಿದರೆ ಕಾವಲಿ ಕಾಯುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಆರುತ್ತದೆ, ಮತ್ತೆ ಒತ್ತಬೇಕು. ಎಲ್ಲರೂ ಮಾಂಸ ಬೇಯಿಸುವ ಕಾವಲಿ ಆದ್ದರಿಂದ ಸಸ್ಯಾಹಾರಿಗಳು ದಪ್ಪ ಅಲ್ಯೂಮಿನಿಯಂ ಫಾಯಿಲ್ ಒಯ್ಯಿರಿ. ಎರಡು ಪದರ ಹಾಸಿ ಅದರ ಮೇಲೆ ಜೋಳದ ತೆನೆ, ಪನೀರ್, ಬೆಳಗಿನ ಚಪಾತಿ ಎಲ್ಲಾ ಬಿಸಿ ಮಾಡಿಕೊಂಡೆವು. ಹಣ್ಣಿಗೆ ರಸ್ಟೀಸ್ ಮಾರುಕಟ್ಟೆ, ನಡೆದು ಹೋಗುವಷ್ಟೇ ದೂರ. ಶುಕ್ರವಾರದಿಂದ ಭಾನುವಾರದ ತನಕ ಮಾತ್ರ. ಪಪ್ಪಾಯಿ, ಅನಾನಸ್, ಲೇಡಿಫಿಂಗರ್ ಬಾಳೆಹಣ್ಣು. ಬಾಳೆಹಣ್ಣು ಏಲಕ್ಕಿಯಷ್ಟು ಚಿಕ್ಕದಲ್ಲ, ಆದರೆ ಅಂಗಡಿಯ ಕ್ಯಾವೆಂಡಿಶ್‌ಗಿಂತ ನಮ್ಮ ನಾಲಿಗೆಗೆ ಹತ್ತಿರ.

ಸಂಜೆ ಸಮುದ್ರದ ನೀರು ಇಳಿದಿದ್ದರೆ ಕಟ್ಟೆಯುದ್ದಕ್ಕೂ ನಡೆಯಿರಿ. ಕೆಸರಿನಲ್ಲಿ ಏಡಿಗಳು, ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನುಗಳು, ಪೆಲಿಕನ್‌ಗಳು ಕಾಣುತ್ತವೆ. ಹಕ್ಕಿಗಳ ಹುಚ್ಚಿದ್ದವರು ಸೆಪ್ಟೆಂಬರ್ ಆದಮೇಲೆ ಹೋಗುವುದು ಒಳ್ಳೆಯದು. ಜುಲೈನಲ್ಲಿ ವಲಸೆ ಹಕ್ಕಿಗಳು ಬಹುತೇಕ ಸೈಬೀರಿಯಾದ ಕಡೆ ಇರುತ್ತವೆ. ಅದೇ ದಾರಿಯಲ್ಲಿ ಮುಂದೆ ಮಡ್ಡೀಸ್ ಎನ್ನುವ ಆಟದ ಮೈದಾನವಿದೆ, ಅಲ್ಲೂ ಮಕ್ಕಳಿಗೆ ನೀರಿನ ಆಟ. ಅದೂ ಉಚಿತ.

ಕೇರ್ನ್ಸ್ ದೂರವಾಯಿತು ಅನ್ನುವವರಿಗೆ ಇಂಥವೇ ಬೇರೆ ಕಡೆಯೂ ಇವೆ. ಏರ್ಲಿ ಬೀಚ್‌ನಲ್ಲಿ, ಡಾರ್ವಿನ್‌ನ ವಾಟರ್‌ಫ್ರಂಟ್‌ನಲ್ಲಿ, ಬ್ರಿಸ್ಬೇನ್ ಹತ್ತಿರದ ರೆಡ್‌ಕ್ಲಿಫ್‌ನಲ್ಲಿ. ಬ್ರಿಸ್ಬೇನ್ ಊರೊಳಗೆ ನದಿಯ ಪಕ್ಕ ಸೌತ್ ಬ್ಯಾಂಕ್‌ನಲ್ಲೂ ಇದೆ. ಅತ್ತೆ ಮಾವ ಊರಿಗೆ ಹೊರಡುವ ತನಕ ನಮ್ಮ ಶನಿವಾರಗಳೆಲ್ಲಾ ರೆಡ್‌ಕ್ಲಿಫ್‌ನಲ್ಲೇ ಕಳೆದವು.