ಒಂದು ಗಿಟಾರ್, ಹಲವು ಆಂಪ್: ಕಾಲಡಿಯ ಸ್ವಿಚ್ಚಿನಿಂದ ನಿಯಂತ್ರಿಸುವುದು ಹೇಗೆ?

ಒಂದೇ ಗಿಟಾರಿನ ದನಿಯನ್ನು ಎರಡು ಅಥವಾ ಮೂರು ಆಂಪ್ಲಿಫೈಯರ್‌ಗಳಿಗೆ ಹಂಚಿ ನುಡಿಸುವುದು ಹಳೆಯ ಪದ್ಧತಿ. ಅಮೆರಿಕದ ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಹಲವು ಆಂಪ್‌ಗಳನ್ನು ಏಕಕಾಲಕ್ಕೆ ಚಾಲೂ ಇಟ್ಟು ನುಡಿಸುತ್ತಿದ್ದರು. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಇದೇ ವಿಚಾರವನ್ನು ಒಂದೇ ಪೆಟ್ಟಿಗೆಯೊಳಗೆ ಅಡಕಗೊಳಿಸಿತು: ಅದರಲ್ಲಿರುವುದು ಎರಡು ಪವರ್ ಆಂಪ್ ಮತ್ತು ಎರಡು ಸ್ಪೀಕರ್; ಕೋರಸ್ ಹಾಕಿದಾಗ ಒಂದರಿಂದ ನೇರ ದನಿಯೂ ಇನ್ನೊಂದರಿಂದ ಸ್ಥಾಯಿಯಲ್ಲಿ ತುಸು ತೂಗಾಡುವ ದನಿಯೂ ಹೊರಟು ಗಾಳಿಯಲ್ಲೇ ಬೆರೆಯುತ್ತವೆ.

ಬೇರೆ ಬೇರೆ ಸ್ವಭಾವದ ಎರಡು ಆಂಪ್‌ಗಳನ್ನು ಜೊತೆಗೂಡಿಸಿದರೆ ಸಿಗುವ ಲಾಭ ಇನ್ನೂ ದೊಡ್ಡದು. ಶುಭ್ರವಾಗಿ ನುಡಿಯುವ ಆಂಪ್ ತಂತಿ ಮೀಟಿದ ಕ್ಷಣದ ಮೊನಚನ್ನು ಉಳಿಸಿಕೊಡುತ್ತದೆ. ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಗುಣ) ಇರುವ ಆಂಪ್ ಅದೇ ಸ್ವರವನ್ನು ಎಳೆದು ನಿಲ್ಲಿಸುತ್ತದೆ. ಎರಡೂ ಸೇರಿದಾಗ ನಾದ ದಪ್ಪವಾಗಿದ್ದರೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಒಂದೇ ಆಂಪಿನ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ತಿರುಪನ್ನು ಎಷ್ಟು ತಿರುಗಿಸಿದರೂ ಈ ಗುಣ ದಕ್ಕುವುದಿಲ್ಲ.

ಆದರೆ ಬಹಳಷ್ಟು ಜನ ಈ ಕೆಲಸವನ್ನು ತಿರುವುಮುರುವಾಗಿ ಆರಂಭಿಸುತ್ತಾರೆ. ಮೊದಲು ಫುಟ್‌ಸ್ವಿಚ್ ಕೊಳ್ಳುತ್ತಾರೆ, ಆಮೇಲೆ ಗುಂಯ್‌ಗುಡುವ ಸದ್ದಿನೊಡನೆಯೂ ಸೊರಗಿದ ದನಿಯೊಡನೆಯೂ ಗುದ್ದಾಡುತ್ತಾರೆ. ಅರ್ಥಿಂಗ್, ಬಫರ್ (ಪಿಕಪ್ಪಿನ ಹೊರೆ ಇಳಿಸುವ ಸರ್ಕ್ಯೂಟ್), ಪೋಲಾರಿಟಿ (ಸ್ಪೀಕರುಗಳು ತಳ್ಳುವ-ಎಳೆಯುವ ದಿಕ್ಕು) ಮತ್ತು ಸ್ಪೀಕರುಗಳ ಜಾಗ ಇವು ಸರಿಯಾದ ಮೇಲಷ್ಟೇ ಕಾಲಿನ ಕೆಲಸಕ್ಕೆ ಬರಬೇಕು ಎಂಬುದು ಈ ಲೇಖನದ ಕ್ರಮ.

ಮೊದಲು ಜೀವ, ಆಮೇಲೆ ನಾದ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೇಬಲ್ಲಿನ ಹೊರಕವಚದ ಮೂಲಕ ಆಂಪಿನ ಲೋಹದ ಚಾಸಿಗೂ (ಚೌಕಟ್ಟಿಗೂ), ಅಲ್ಲಿಂದ ಪ್ಲಗ್ಗಿನ ಅರ್ಥ್ ಪಿನ್ನಿಗೂ ಸೇರಿರುತ್ತವೆ. ಅಂದರೆ ವಾದಕನ ಬೆರಳು ಸದಾ ಆಂಪಿನ ಚಾಸಿಯನ್ನೇ ಮುಟ್ಟಿಕೊಂಡಿರುತ್ತದೆ. ಎರಡು ಆಂಪ್ ಜೋಡಿಸಿದಾಗ ಅವುಗಳಲ್ಲಿ ಒಂದರ ದೋಷವೂ ಸಾಕು, ಅಪಾಯ ಕೈಗೆ ತಲುಪಲು. 1972ರ ಮೇ ತಿಂಗಳಿನಲ್ಲಿ ವೇಲ್ಸ್‌ನ ಸ್ವಾನ್ಸಿಯ ವೇದಿಕೆಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಸರಿಯಾದ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ವಿದ್ಯುದಾಘಾತದಿಂದ ಪ್ರಾಣ ಕಳೆದುಕೊಂಡರು. ಹೀಗಾಗಿ ಈ ಹಂತವನ್ನು ಯಾರೂ ಹಾರಿಸಬಾರದು.

ಮೂರು ಪಿನ್ನಿನ ಪ್ಲಗ್ ಇಲ್ಲದ ಹಳೆಯ ವಾಲ್ವ್ (ಗಾಜಿನ ನಿರ್ವಾತ ಕೊಳವೆಯ) ಆಂಪ್ ಇದ್ದರೆ ಅದನ್ನು ಮೊದಲು ತಿಳಿದ ತಂತ್ರಜ್ಞರಿಂದ ಮೂರು ತಂತಿಯ ವ್ಯವಸ್ಥೆಗೆ ಬದಲಿಸಿಕೊಳ್ಳಬೇಕು. ಎಲ್ಲ ಆಂಪ್‌ಗಳನ್ನೂ ಒಂದೇ ವಿದ್ಯುತ್ ಮೂಲದಿಂದ, ಅದರ ಹೊರೆ ಹೊರುವ ಶಕ್ತಿಯನ್ನು ನೋಡಿಕೊಂಡು, ಚಾಲೂ ಮಾಡುವುದು ಒಳ್ಳೆಯದು. ಜೋಡಿಸುವ ಮುನ್ನ ಎರಡೂ ಆಂಪ್‌ಗಳಿಗೆ ಒಂದೊಂದು ಕೇಬಲ್ ಸಿಕ್ಕಿಸಿ, ಆ ಕೇಬಲ್‌ಗಳ ಇನ್ನೊಂದು ತುದಿಯ ಪ್ಲಗ್ಗಿನ ಹೊರಭಾಗಗಳ ನಡುವೆ ಮಲ್ಟಿಮೀಟರಿನಿಂದ ಎಸಿ ವೋಲ್ಟೇಜ್ ಅಳೆಯಿರಿ. ಅದು ಸೊನ್ನೆಗೆ ಹತ್ತಿರ ಇರಬೇಕು. ಹಲವು ವೋಲ್ಟ್ ತೋರಿಸಿದರೆ ಅಲ್ಲಿಗೆ ಕೆಲಸ ನಿಲ್ಲಿಸಿ, ವಿದ್ಯುತ್ ವ್ಯವಸ್ಥೆಯನ್ನು ಪರೀಕ್ಷೆ ಮಾಡಿಸಬೇಕು.

ದನಿಯನ್ನು ಹಂಚುವ ಪೆಟ್ಟಿಗೆ

ಗಿಟಾರಿನ ಸಂಕೇತವನ್ನು ಎ ಆಂಪಿಗೋ, ಬಿ ಆಂಪಿಗೋ ಅಥವಾ ಎರಡಕ್ಕೂ ಕಳಿಸುವ ಪೆಟ್ಟಿಗೆಯನ್ನು ಎಬಿವೈ ಎಂದು ಕರೆಯುತ್ತಾರೆ. ಇದರಲ್ಲಿ ಬರೀ ಸ್ವಿಚ್ ಮತ್ತು ಜ್ಯಾಕ್‌ಗಳಿರುವ ಪ್ಯಾಸಿವ್ ಬಗೆ ಒಂದು, ಒಳಗೆ ಬಫರ್ ಸರ್ಕ್ಯೂಟ್ ಇರುವ ಆ್ಯಕ್ಟಿವ್ ಬಗೆ ಇನ್ನೊಂದು. ಸರದಿಯಂತೆ ಒಂದೊಂದೇ ಆಂಪನ್ನು ಬಳಸುವವರಿಗೆ ಪ್ಯಾಸಿವ್ ಪೆಟ್ಟಿಗೆ ಸಾಕಾಗುತ್ತದೆ. ಎರಡನ್ನೂ ಒಟ್ಟಿಗೆ ನುಡಿಸುವುದಾದರೆ ಬಫರ್ ಇರುವುದನ್ನೇ ಆರಿಸಿಕೊಳ್ಳಬೇಕು. ಅದಕ್ಕೆ ಕಾರಣ ಹೀಗಿದೆ.

ಗಿಟಾರಿನ ಪಿಕಪ್ ಎಂದರೆ ಸಾವಿರಾರು ಸುತ್ತುಗಳ ತೆಳ್ಳನೆಯ ತಂತಿಯ ಸುರುಳಿ. ಅದಕ್ಕೆ ಹೊರೆ ಹೊರುವ ತ್ರಾಣ ಕಡಿಮೆ. ಆಂಪ್‌ಗಳ ಇನ್‌ಪುಟ್ಟಿನ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಸಾಮಾನ್ಯವಾಗಿ 1 ಮೆಗಾಓಮ್ ಇರುತ್ತದೆ; ಇದು ಕಡಿಮೆಯಾದಷ್ಟೂ ಹೊರೆ ಹೆಚ್ಚು. ಎರಡು ಆಂಪ್ ಸೇರಿದರೆ ಪಿಕಪ್ಪಿಗೆ ಕಾಣುವುದು ಅದರ ಅರ್ಧ, ಅಂದರೆ 500 ಕಿಲೋಓಮ್. ಕೇಬಲ್ಲಿನ ಪ್ರಭಾವ ಇದಕ್ಕಿಂತಲೂ ಹೆಚ್ಚು. ಒಂದು ಮೀಟರ್ ಗಿಟಾರ್ ಕೇಬಲ್ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಹೊಂದಿರುತ್ತದೆ ಎಂದು ಹಿಡಿದರೆ, 6 ಮೀಟರಿನ ಎರಡು ಕೇಬಲ್‌ಗಳು 1,200 ಪಿಕೊಫ್ಯಾರಡ್ ಸೇರಿಸುತ್ತವೆ. ಗಿಟಾರಿನಿಂದ ಪೆಟ್ಟಿಗೆಯವರೆಗಿನ ಕೇಬಲ್ಲಿನ ಲೆಕ್ಕ ಬೇರೆ. ಇಷ್ಟು ಹೊರೆ ಬಿದ್ದಾಗ ನಾದದ ಮೇಲಿನ ಹೊಳಪು ಮಾಯವಾಗಿ, ಕಂಬಳಿ ಹೊದಿಸಿದಂತೆ ದನಿ ಮಂಕಾಗುತ್ತದೆ. ಬಫರ್ ತನ್ನ ಇನ್‌ಪುಟ್ಟಿನಲ್ಲಿ ಹೆಚ್ಚಿನ ಇಂಪಿಡೆನ್ಸ್ ಇಟ್ಟುಕೊಂಡು ಪಿಕಪ್ಪಿನ ಭಾರ ಇಳಿಸುತ್ತದೆ, ಔಟ್‌ಪುಟ್ಟಿನಲ್ಲಿ ಕಡಿಮೆ ಇಂಪಿಡೆನ್ಸ್ ನೀಡಿ ಉದ್ದದ ಕೇಬಲ್‌ಗಳನ್ನು ಸಲೀಸಾಗಿ ನಡೆಸುತ್ತದೆ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಹಳೆಯ ಶೈಲಿಯ ಫಜ್ ಪೆಡಲ್ (ದನಿಯನ್ನು ಒರಟಾಗಿಸುವ ಕಾಲಡಿಯ ಪೆಟ್ಟಿಗೆ) ಬಳಸುವವರು ಅದನ್ನು ಮಾತ್ರ ಬಫರಿಗಿಂತ ಮೊದಲು ಇಡಬೇಕು. ಅದರ ನಾದ ಗಿಟಾರಿನೊಂದಿಗಿನ ನೇರ ನಂಟಿನಲ್ಲೇ ಹುಟ್ಟುತ್ತದೆ.

ಪೆಟ್ಟಿಗೆ ಕೊಳ್ಳುವಾಗ ಇನ್ನೊಂದು ಅಂಶವನ್ನು ವಿಚಾರಿಸಬೇಕು. ಆರಿಸದ ಆಂಪಿನ ಇನ್‌ಪುಟ್ ಗಾಳಿಯಲ್ಲಿ ತೂಗಾಡದೆ ಗ್ರೌಂಡಿಗೆ ಸೇರುವಂತೆ ಸ್ವಿಚ್ ಇರಬೇಕು. ಇಲ್ಲವಾದರೆ ಸುಮ್ಮನಿರಬೇಕಾದ ಆಂಪ್ ಸುತ್ತಲಿನ ಸದ್ದನ್ನೆಲ್ಲ ಹಿಡಿದು ಗುನುಗುತ್ತದೆ.

ಗುಂಯ್‌ಗುಡುವಿಕೆಯ ಮೂಲ

ಎರಡು ಆಂಪ್‌ಗಳ ಚಾಸಿಗಳು ಪ್ಲಗ್ಗಿನ ಅರ್ಥ್ ತಂತಿಯ ಮೂಲಕ ಈಗಾಗಲೇ ಒಂದಕ್ಕೊಂದು ಸೇರಿರುತ್ತವೆ. ಎಬಿವೈ ಪೆಟ್ಟಿಗೆಯು ಅವುಗಳ ಕೇಬಲ್ ಕವಚಗಳನ್ನು ಇನ್ನೊಮ್ಮೆ ಸೇರಿಸಿದಾಗ ಒಂದು ಉಂಗುರ ಏರ್ಪಡುತ್ತದೆ. ಇದೇ ಗ್ರೌಂಡ್ ಲೂಪ್. ಸುತ್ತಲಿನ ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರವು ಈ ಉಂಗುರದಲ್ಲಿ ಸಣ್ಣ ಕರೆಂಟನ್ನು ಹರಿಸುತ್ತದೆ, ಆಂಪ್ ಅದನ್ನೂ ಸಂಕೇತವೆಂದೇ ತಿಳಿದು ಹಿಗ್ಗಿಸುತ್ತದೆ. ಕೇಳಿಸುವುದು ವಿದ್ಯುತ್ ಪೂರೈಕೆಯ ಆವರ್ತ, ಅಂದರೆ 50 ಅಥವಾ 60 ಹರ್ಟ್ಸ್, ಮತ್ತು ಅದರ ಗುಣಕಗಳು.

ಗುರುತಿಸುವುದು ಸುಲಭ. ಗಿಟಾರಿನ ವಾಲ್ಯೂಮನ್ನು ಪೂರ್ತಿ ಇಳಿಸಿ, ಒಂದು ಆಂಪನ್ನು ಮಾತ್ರ ಜೋಡಿಸಿ ಕೇಳಿ. ಬಳಿಕ ಎರಡನೆಯದರ ಕೇಬಲ್ ಸಿಕ್ಕಿಸಿ. ಎರಡನೆಯದು ಸೇರಿದ ಗಳಿಗೆಯಲ್ಲೇ ಗುಂಯ್ ಎನ್ನತೊಡಗಿದರೆ ಅದು ಗ್ರೌಂಡ್ ಲೂಪ್. ಒಂದೇ ಆಂಪ್ ಇದ್ದಾಗಲೂ ಸದ್ದಿದ್ದರೆ ದೋಷ ಆ ಆಂಪಿನಲ್ಲೋ ಕೇಬಲ್ಲಿನಲ್ಲೋ ಇದೆ.

ಈ ಘಟ್ಟದಲ್ಲಿ ಕೆಲವರು ಒಂದು ಆಂಪಿನ ಪ್ಲಗ್ಗಿನಿಂದ ಅರ್ಥ್ ಪಿನ್ ತೆಗೆದುಬಿಡುತ್ತಾರೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಆ ಆಂಪಿನೊಳಗೆ ಮುಂದೆಂದೋ ಒಂದು ತಂತಿ ಸಡಿಲಗೊಂಡು ಚಾಸಿಗೆ ತಾಗಿದರೆ ಫ್ಯೂಸ್ ಸುಡಿಸಬೇಕಾದ ಕರೆಂಟ್ ತೆಳು ಕೇಬಲ್ ಕವಚದ ದಾರಿಯನ್ನೇ ನಂಬಬೇಕಾಗುತ್ತದೆ, ಆ ಕೇಬಲ್ ಕಳಚಿದ್ದರೆ ಚಾಸಿಯನ್ನು ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಎಂಥ ತುರ್ತಿದ್ದರೂ ಇದನ್ನು ಮಾಡಬೇಡಿ.

ಸರಿಯಾದ ಪರಿಹಾರ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. 1:1 ಅನುಪಾತದ ಈ ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ ಸಂಕೇತವು ಕಾಂತಶಕ್ತಿಯ ರೂಪದಲ್ಲಿ ದಾಟುತ್ತದೆ, ತಂತಿಗಳು ಪರಸ್ಪರ ಮುಟ್ಟುವುದಿಲ್ಲ; ಹೀಗಾಗಿ ಉಂಗುರ ಸಂಕೇತದ ಕಡೆ ತುಂಡಾಗುತ್ತದೆ, ಸುರಕ್ಷೆಯ ಅರ್ಥಿಂಗ್ ಹಾಗೆಯೇ ಉಳಿಯುತ್ತದೆ. ಎರಡು ಆಂಪ್ ಇದ್ದರೆ ಒಂದು ಔಟ್‌ಪುಟ್ಟಿಗೆ, ಮೂರಿದ್ದರೆ ಎರಡು ಔಟ್‌ಪುಟ್‌ಗಳಿಗೆ ಟ್ರಾನ್ಸ್‌ಫಾರ್ಮರ್ ಬೇಕು. ಉಳಿದ ಒಂದು ಆಂಪ್ ಮಾತ್ರ ನೇರ ಸಂಪರ್ಕದಲ್ಲಿದ್ದು ಗಿಟಾರಿನ ತಂತಿಗಳಿಗೆ ಅರ್ಥಿಂಗ್ ಒದಗಿಸುತ್ತದೆ. ಸ್ವತಃ ಪೆಟ್ಟಿಗೆ ಕಟ್ಟುವವರು ಟ್ರಾನ್ಸ್‌ಫಾರ್ಮರ್ ಇರುವ ಔಟ್‌ಪುಟ್ ಜ್ಯಾಕನ್ನು ಪೆಟ್ಟಿಗೆಯ ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಹಾಕಿ ಕೂರಿಸಬೇಕು. ಇದನ್ನು ಮರೆತರೆ ಮಾಡಿದ್ದೆಲ್ಲ ವ್ಯರ್ಥ. ಟ್ರಾನ್ಸ್‌ಫಾರ್ಮರನ್ನು ಪಿಕಪ್ ನೇರವಾಗಿ ನಡೆಸಲಾರದು, ಅದಕ್ಕಿಂತ ಮೊದಲು ಬಫರ್ ಇರಲೇಬೇಕು. ಸ್ಟೀರಿಯೊ ಡಿಲೇ (ದನಿಯನ್ನು ತಡವಾಗಿ ಮರುಕಳಿಸುವ) ಅಥವಾ ಕೋರಸ್ ಪೆಡಲ್ಲಿನ ಎರಡು ಔಟ್‌ಪುಟ್‌ಗಳಿಂದ ಎರಡು ಆಂಪ್‌ಗಳಿಗೆ ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಅಲ್ಲಿಯೂ ಎರಡು ಜ್ಯಾಕ್‌ಗಳ ಗ್ರೌಂಡ್ ಒಂದೇ ಆಗಿರುತ್ತದೆ.

ಒಂದು ತಳ್ಳಿದರೆ ಇನ್ನೊಂದು ಎಳೆಯಬಾರದು

ಗುಂಯ್ ಸದ್ದು ಅಡಗಿದ ಮೇಲೂ ಎರಡು ಆಂಪ್ ಸೇರಿದಾಗ ದನಿ ತುಂಬಿಕೊಳ್ಳುವ ಬದಲು ಸೊರಗಿದಂತೆ ಕೇಳಿದರೆ ಪೋಲಾರಿಟಿ ಉಲ್ಟಾ ಇದೆ ಎಂದರ್ಥ. ಒಂದು ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದ್ದು, ಗಾಳಿಯಲ್ಲಿ ಅವೆರಡೂ ಒಂದನ್ನೊಂದು ಅಳಿಸಿಹಾಕುತ್ತಿರುತ್ತವೆ. ಪೆಟ್ಟು ಬೀಳುವುದು ಮುಖ್ಯವಾಗಿ ಮಂದ್ರ ಸ್ವರಗಳಿಗೆ.

ಇದು ದೋಷವಲ್ಲ, ರಚನೆಯ ಫಲ. ವಾಲ್ವ್ ಆಂಪಿನ ಪ್ರತಿಯೊಂದು ಸಾಮಾನ್ಯ ಗೇನ್ ಹಂತವೂ ಸಂಕೇತವನ್ನು ತಲೆಕೆಳಗು ಮಾಡುತ್ತದೆ. ಅಂಥ ಹಂತಗಳ ಸಂಖ್ಯೆ ಒಂದು ಆಂಪಿನಲ್ಲಿ ಸಮ, ಇನ್ನೊಂದರಲ್ಲಿ ಬೆಸ ಇದ್ದರೆ ಎರಡೂ ಎದುರುಬದುರಾಗುತ್ತವೆ. ರಿವರ್ಬ್ (ಕೋಣೆಯ ಅನುರಣನದ ಪರಿಣಾಮ) ಇರುವ 1960ರ ದಶಕದ ಫೆಂಡರ್ ಆಂಪ್‌ಗಳಲ್ಲಿ ಒಂದೇ ಆಂಪಿನ ನಾರ್ಮಲ್ ಮತ್ತು ವೈಬ್ರಾಟೊ ಚಾನೆಲ್‌ಗಳೇ (ಆಂಪಿನೊಳಗೆ ಸಂಕೇತ ಸಾಗುವ ಪ್ರತ್ಯೇಕ ದಾರಿಗಳೇ) ಪರಸ್ಪರ ಉಲ್ಟಾ ಇರುವುದನ್ನು ಕಾಣಬಹುದು, ಏಕೆಂದರೆ ವೈಬ್ರಾಟೊ ಚಾನೆಲ್ಲಿನಲ್ಲಿ ಒಂದು ಹಂತ ಹೆಚ್ಚಿಗೆ ಇದೆ.

ಪರೀಕ್ಷೆಗೆ ಎರಡೂ ಆಂಪ್‌ಗಳನ್ನು ಮಗ್ಗುಲಿಗೆ ಮಗ್ಗುಲು ಇಟ್ಟು, ಎರಡರ ದನಿಯನ್ನೂ ಸರಿಸಮ ಮಾಡಿ, ಸುಮಾರು 82 ಹರ್ಟ್ಸ್ ಇರುವ ಆರನೆಯ ತಂತಿಯನ್ನು ಬಿಡಿಯಾಗಿ ಮೀಟಿ. ಪೆಟ್ಟಿಗೆಯಲ್ಲಿರುವ ಪೋಲಾರಿಟಿ ಸ್ವಿಚ್ಚನ್ನು ಅತ್ತಿತ್ತ ಮಾಡಿದಾಗ ಯಾವ ಸ್ಥಿತಿಯಲ್ಲಿ ಮಂದ್ರ ನಾದ ನೆಲ ಹಿಡಿದಂತೆ ತುಂಬಿ ಬರುತ್ತದೆಯೋ ಅದೇ ಸರಿ. ಅಂಥ ಸ್ವಿಚ್ ಇಲ್ಲದಿದ್ದರೆ, ಆಂಪನ್ನು ಬಂದ್ ಮಾಡಿ, ಒಂದು ಕ್ಯಾಬಿನೆಟ್ಟಿನ ಸ್ಪೀಕರಿಗೆ ಹೋಗುವ ಎರಡು ತಂತಿಗಳನ್ನು ಅದಲುಬದಲು ಮಾಡಬಹುದು.

ಇಲ್ಲಿ ಒಂದು ಎಚ್ಚರ ಅಗತ್ಯ. ಆಂಪಿನ ಲೀಡ್ ಚಾನೆಲ್ ಹಾಕಿದಾಗ ಒಂದು ಗೇನ್ ಹಂತ ಹೆಚ್ಚಾದರೆ ಪೋಲಾರಿಟಿ ಮತ್ತೆ ತಿರುಗಿಬಿಡಬಹುದು. ಆದ್ದರಿಂದ ಬಳಸಲಿರುವ ಒಂದೊಂದು ಜೋಡಿಯನ್ನೂ ಪ್ರತ್ಯೇಕವಾಗಿ ಕೇಳಿ ನೋಡಿ, ಹೊಂದದ ಜೋಡಿಗಳನ್ನು ಕೈಬಿಡುವುದೇ ಲೇಸು.

ಸ್ಪೀಕರ್ ಮತ್ತು ಜಾಗ

ಎಬಿವೈ ಬದಲಿಸುವುದು ಇನ್‌ಪುಟ್ಟನ್ನು ಮಾತ್ರ. ಆಯ್ಕೆ ಮಾಡದ ಆಂಪ್ ಕೂಡ ಚಾಲೂ ಇರುವುದರಿಂದ ಅದರ ಸ್ಪೀಕರ್ ಜೋಡಣೆಯಲ್ಲೇ ಇರಬೇಕು. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ನಡೆಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವ ಸಂಭವ ಇದೆ. ಎರಡು ಆಂಪ್‌ಗಳ ಸ್ಪೀಕರ್ ಔಟ್‌ಪುಟ್‌ಗಳನ್ನು ಒಂದೇ ಸ್ಪೀಕರಿಗೆ ಸೇರಿಸುವುದಂತೂ ಸಲ್ಲದು.

ಆಂಪ್‌ಗಳು ಕೇಳುಗನಿಂದ ಸಮಾನ ದೂರದಲ್ಲಿದ್ದರೆ ಉತ್ತಮ. ಶಬ್ದ 34 ಸೆಂಟಿಮೀಟರ್ ಸಾಗಲು ಸುಮಾರು 1 ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದು ಆಂಪ್ ಅಷ್ಟು ಹಿಂದಿದ್ದರೆ 500, 1,500, 2,500 ಹರ್ಟ್ಸ್‌ಗಳಲ್ಲಿ ದನಿ ಕುಗ್ಗಿ, ಕೊಳವೆಯೊಳಗಿಂದ ಬಂದಂತೆ ಕೇಳಿಸುತ್ತದೆ. ಡಿಜಿಟಲ್ ಆಂಪನ್ನು ವಾಲ್ವ್ ಆಂಪಿನ ಜೊತೆ ನುಡಿಸಿದಾಗಲೂ ಇದೇ ಪರಿಣಾಮ ಕಾಣಬಹುದು, ಸಂಕೇತವನ್ನು ಸಂಸ್ಕರಿಸಲು ಅದು ಒಂದೆರಡು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ.

ಈಗ ಕಾಲಿನ ಸರದಿ

ಆಂಪ್‌ಗಳ ಆಯ್ಕೆಗೆ ಎಬಿವೈ ಸ್ವಿಚ್ ಆಯಿತು. ಪ್ರತಿ ಆಂಪಿನ ಚಾನೆಲ್, ರಿವರ್ಬ್ ಇತ್ಯಾದಿಗಳಿಗೆ ಅದರದೇ ಫುಟ್‌ಸ್ವಿಚ್ ಇರುತ್ತದೆ. ಇವುಗಳಲ್ಲಿ ಒಮ್ಮೆ ಒತ್ತಿದರೆ ಹಾಗೇ ನಿಲ್ಲುವ ಲ್ಯಾಚಿಂಗ್ ಬಗೆಯೂ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೂಡಿಕೊಳ್ಳುವ ಮೊಮೆಂಟರಿ ಬಗೆಯೂ ಇವೆ. ಕಾಲು ತೆಗೆದೊಡನೆ ಚಾನೆಲ್ ಹಿಂದಿನದಕ್ಕೆ ಮರಳಿದರೆ ಆಂಪ್ ಕೇಳುವುದು ಲ್ಯಾಚಿಂಗ್ ಸ್ವಿಚ್ಚನ್ನು ಎಂದು ತಿಳಿಯಬೇಕು.

ಕಾಲಿನಿಂದ ಆಂಪನ್ನು ಆಳುವ ಹಂಬಲ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಕೆನಡಾ ಮೂಲದ ಗಾಯಕ, ವಾದಕ ನೀಲ್ ಯಂಗ್ ಅವರ ವಿಜ್ಜರ್ ಎಂಬ ಸಾಧನ ಸಾಕ್ಷಿ. 1959ರ ಅವರ ಫೆಂಡರ್ ಡಿಲಕ್ಸ್ ಆಂಪಿನ ಮೇಲೆ ಕೂರುವ ಈ ಪೆಟ್ಟಿಗೆ, ಫುಟ್‌ಸ್ವಿಚ್ ಒತ್ತಿದಾಗ ಮೋಟಾರಿನಿಂದ ಆಂಪಿನ ತಿರುಪುಗಳನ್ನೇ ತಿರುಗಿಸುತ್ತದೆ. ನಾದದ ದಾರಿಯಲ್ಲಿ ಒಂದು ಹೆಚ್ಚುವರಿ ತಂತಿಯೂ ಬಾರದಂತೆ ಕಾಪಾಡುವ ಈ ನಿಷ್ಠೆ ಮೆಚ್ಚುವಂಥದ್ದು.

ಹಲವು ಆಂಪ್‌ಗಳ ಫುಟ್‌ಸ್ವಿಚ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಲು ಹೊರಟವರಿಗೆ ಹಳೆಯ ಶತ್ರು ಮತ್ತೆ ಎದುರಾಗುತ್ತಾನೆ: ಫುಟ್‌ಸ್ವಿಚ್ ಕೇಬಲ್ಲಿನ ಕವಚವೂ ಚಾಸಿಗೇ ಸೇರಿರುವುದರಿಂದ ಅಲ್ಲಿಯೂ ಗ್ರೌಂಡ್ ಲೂಪ್ ಹುಟ್ಟುತ್ತದೆ. ಪ್ರತಿ ಆಂಪಿಗೂ ಪ್ರತ್ಯೇಕ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಇರುವ ನಿಯಂತ್ರಕ ಬಳಸಿ, ಜ್ಯಾಕ್‌ಗಳನ್ನು ಲೋಹದಿಂದ ಬೇರ್ಪಡಿಸಿದರೆ ಈ ತೊಂದರೆ ಇರುವುದಿಲ್ಲ. ಮೂರಕ್ಕಿಂತ ಹೆಚ್ಚು ಸ್ವಿಚ್‌ಗಳನ್ನು ಒಟ್ಟಿಗೆ ಒತ್ತಬೇಕಾದ ಸಂದರ್ಭ ಬಂದರೆ ಮಿಡಿ (ಸಂಗೀತ ಸಾಧನಗಳು ಒಂದಕ್ಕೊಂದು ಡಿಜಿಟಲ್ ಆದೇಶ ಕಳಿಸುವ) ವ್ಯವಸ್ಥೆಗೆ ಹೋಗುವುದು ಸೂಕ್ತ. 1983ರಲ್ಲಿ ಬಂದ ಈ ಮಾನದಂಡದಲ್ಲಿ ಒಂದು ಗುಂಡಿ ಒತ್ತಿದರೆ ಆಂಪ್, ಚಾನೆಲ್, ಡಿಲೇ ಎಲ್ಲವೂ ಒಮ್ಮೆಗೇ ಬದಲಾಗುವಂತೆ ಮೊದಲೇ ಬರೆದಿಡಬಹುದು; 5 ಪಿನ್ನಿನ ಮಿಡಿ ಇನ್‌ಪುಟ್ಟಿನಲ್ಲಿ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೊ ಐಸೊಲೇಟರ್ ಇರುವುದರಿಂದ ಗ್ರೌಂಡ್ ಲೂಪಿನ ಭಯವೂ ಇಲ್ಲ. ಕೆಲವು ಸಾಧನಗಳು ಪ್ರೋಗ್ರಾಮ್‌ಗಳನ್ನು (ಹೀಗೆ ಬರೆದಿಟ್ಟ ಜೋಡಣೆಗಳನ್ನು) 0ಯಿಂದ 127ರವರೆಗೂ ಕೆಲವು 1ರಿಂದ 128ರವರೆಗೂ ಎಣಿಸುತ್ತವೆ; ಬಯಸಿದ್ದರ ಪಕ್ಕದ ದನಿ ಬಂದರೆ ಮೊದಲು ಇದನ್ನು ನೋಡಿ.

ದನಿಯ ಮಟ್ಟವನ್ನು ಹೊಂದಿಸುವಾಗ ಎರಡೂ ಆಂಪ್ ಸೇರಿದ ನಾದವನ್ನೇ ಮೂಲವಾಗಿ ಹಿಡಿಯುವುದು ಒಳ್ಳೆಯದು. ಸರಿಸಮ ದನಿಯ ಎರಡು ಆಂಪ್ ಕೂಡಿದಾಗ ಮಂದ್ರ ಸ್ವರಗಳು 6 ಡೆಸಿಬೆಲ್‌ನಷ್ಟು ಏರಬಲ್ಲವು. ಒಂದೇ ಆಂಪಿನ ಮೇಲೆ ಲೆಕ್ಕ ಹಾಕಿ ಹೊಂದಿಸಿದವರಿಗೆ ಎರಡನೆಯದು ಸೇರಿದಾಗ ದನಿ ಉಳಿದ ವಾದ್ಯಗಳನ್ನು ಮುಳುಗಿಸಿಬಿಡುತ್ತದೆ.

ಕೊನೆಯದಾಗಿ, ಟ್ರಾನ್ಸ್‌ಫಾರ್ಮರ್ ಇಲ್ಲದ ಔಟ್‌ಪುಟ್ ಯಾವುದು, ಅದಕ್ಕೆ ಸೇರಿದ ಆಂಪ್ ಯಾವುದು ಎಂಬುದನ್ನು ಪೆಟ್ಟಿಗೆಯ ಮೇಲೂ ಆಂಪಿನ ಮೇಲೂ ಟೇಪ್ ಅಂಟಿಸಿ ಬರೆದಿಡಿ. ಗಿಟಾರಿನ ತಂತಿಗಳಿಗೆ ಅರ್ಥಿಂಗ್ ಸಿಗುವುದು ಆ ಆಂಪಿನಿಂದ ಮಾತ್ರ. ಆದ್ದರಿಂದ ಅದರ ಪ್ಲಗ್ಗನ್ನು ಎಲ್ಲಕ್ಕಿಂತ ಮೊದಲು ಸಿಕ್ಕಿಸಿ, ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕು.